ಗಿಡ ನೆಟ್ಟರೆ ಮುಗೀತಾ?

ಮಂಗಳೂರಿನ ಈ ಜಡಿಮಳೆಯಲ್ಲಿ ಆಫೀಸಿನವರೆಲ್ಲ ಸೇರಿ ಗಿಡ ನೆಟ್ಟೆವು. ಫೋಟೋ ಆಯ್ತು, ಗೋಳಿಬಜೆಯೂ ಆಯ್ತು. ಕಂಪನಿ ಇನ್ನು 'ಕಾರ್ಬನ್ ನ್ಯೂಟ್ರಲ್' ಆಗುತ್ತದಂತೆ, ಅಂದರೆ ನಾವು ಉಗುಳಿದಷ್ಟು ಇಂಗಾಲವನ್ನು ಗಿಡಗಳು ಹೀರಿ ಲೆಕ್ಕ ಸರಿದೂಗುತ್ತದಂತೆ!

ಒಂದು ಕಾರ್ಬನ್ ಕ್ರೆಡಿಟ್ ಅಂದರೆ ಗಾಳಿಯಿಂದ ತೆಗೆದ ಅಥವಾ ಗಾಳಿಗೆ ಸೇರದಂತೆ ತಡೆದ 1 ಟನ್ ಇಂಗಾಲದ ಡೈಆಕ್ಸೈಡ್‌ನ ಲೆಕ್ಕ. ಹೊಗೆ ಇವತ್ತೇ ಗಾಳಿಗೆ ಸೇರುತ್ತದೆ, ಗಿಡ ಅದನ್ನು ಹೀರಲು ವರ್ಷಗಟ್ಟಲೆ ಬೇಕು. ಅದೂ ಬದುಕಿದರೆ. ದನ ತಿಂದರೆ ಕ್ರೆಡಿಟ್ ಯಾರ ಹೊಟ್ಟೆಗೆ?

ಗಿಡ ಬೇಡ ಅಂತಲ್ಲ. ಮೊದಲು ಕರೆಂಟ್, ಡೀಸೆಲ್ ಖರ್ಚು ಇಳಿಸಬೇಕು. ಏನು ಮಾಡಿದರೂ ಇಳಿಯದ್ದಕ್ಕೆ ಮಾತ್ರ ಆಫ್‌ಸೆಟ್, ಅಂದರೆ ಗಿಡ, ಕ್ರೆಡಿಟ್‌ಗಳಿಂದ ಸರಿದೂಗಿಸುವುದು. ಸರಕು ಸಾಗಿಸುವ ಹೊರಗಿನವರ ಲಾರಿ, ನೌಕರರು ಮನೆಯಿಂದ ಆಫೀಸಿಗೆ ಓಡಾಡುವುದು ಎಲ್ಲ 'ಸ್ಕೋಪ್ 3' ಲೆಕ್ಕಕ್ಕೆ, ಅಂದರೆ ಕಂಪನಿ ನೇರವಾಗಿ ಉಗುಳದಿದ್ದರೂ ಅದರ ಕೆಲಸಕ್ಕಾಗಿ ಬೇರೆಡೆ ಆಗುವ ಹೊಗೆಯ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಅದರ ಸುದ್ದಿಯೇ ಇಲ್ಲ.

ಹೊರಗೆ ಮಳೆ, ಖಾಲಿ ಮೀಟಿಂಗ್ ರೂಮಿನಲ್ಲಿ ಸುಮ್ನೆ ಎಸಿ 18ಕ್ಕೆ ಓಡುತ್ತಿದೆ. ಕೇಳಿದರೆ, "ಅದು ಮೇಂಟೆನೆನ್ಸ್‌ನವರ ಕೆಲಸ ಮಾರಾಯ್ರೆ" ಅಂದರು.