ಒಂಬತ್ತು ಹೆಸರಿನ ಚೀಟಿ

1901ರ ಮೇ 15ರಂದು ಷಿಕಾಗೋದ ಬಹಾಯಿಗಳು, ಅಂದರೆ ಬಹಾವುಲ್ಲಾ ಸ್ಥಾಪಿಸಿದ ಬಹಾಯಿ ಧರ್ಮದವರು, ಒಂಬತ್ತು ಮಂದಿ ಗಂಡಸರನ್ನು ಆರಿಸಿ, ಆ ಮಂಡಳಿಗೆ ‘ನ್ಯಾಯ ಮಂದಿರ’ ಎಂದು ಹೆಸರಿಟ್ಟರು. ಆ ಒಂದು ದಿನದ ಆಯ್ಕೆಯಿಂದ ಎದ್ದ ಪ್ರಶ್ನೆಗಳು ಇತ್ಯರ್ಥವಾಗಲು ಹಲವು ವರ್ಷ ಹಿಡಿಯಿತು. ಇಂದಿಗೂ ಏಪ್ರಿಲ್‌ನಲ್ಲಿ ಬಹಾಯಿಗಳ ರಿಜ್ವಾನ್ ಹಬ್ಬದ ಮೊದಲ ದಿನ ಊರಿನ ಮಂಡಳಿಯ ಚುನಾವಣೆಯ ಚೀಟಿ ಎಣಿಸಲು ಕೂತಾಗ ಆ ಷಿಕಾಗೋ ನೆನಪಾಗದೆ ಇರುವುದಿಲ್ಲ.

ಮಂಡಳಿ ಬೇಕೆನಿಸಿದ್ದಕ್ಕೆ ಕಾರಣವಿತ್ತು. ಅಲ್ಲಿನವರಿಗೆ ಧರ್ಮ ಬೋಧಿಸಿದ್ದ ಇಬ್ರಾಹಿಂ ಖೈರುಲ್ಲಾ 1900ರಲ್ಲಿ, ಬಹಾವುಲ್ಲಾ ಅವರ ಮಗನೂ ಆಗ ಧರ್ಮದ ನಾಯಕರೂ ಆಗಿದ್ದ ಅಬ್ದುಲ್ ಬಹಾ ಅವರಿಂದ ದೂರವಾದರು. ಖೈರುಲ್ಲಾ ಅವರನ್ನು ನೋಡಿ ಧರ್ಮಕ್ಕೆ ಬಂದಿದ್ದವರಲ್ಲಿ ಕೆಲವರು ಅವರ ಜೊತೆಗೇ ಹೋದರು, ಕೆಲವರು ಎರಡೂ ಕಡೆಯನ್ನು ಬಿಟ್ಟರು. ಬೋಧನೆ, ಪತ್ರ ವ್ಯವಹಾರ, ಹಣದ ಲೆಕ್ಕ ಎಲ್ಲವೂ ಒಬ್ಬರ ಮೇಲೆ ನಿಂತರೆ ಏನಾಗುತ್ತದೆಂದು ಉಳಿದವರು ಕಣ್ಣಾರೆ ಕಂಡಿದ್ದರು.

ಒಂಬತ್ತು ಎಂಬ ಸಂಖ್ಯೆ ಬಹಾವುಲ್ಲಾ ಅವರ ಧರ್ಮಗ್ರಂಥ ‘ಕಿತಾಬ್-ಎ-ಅಕ್ದಸ್’ನಿಂದ ಬಂದದ್ದು. ಪ್ರತಿ ಊರಿನಲ್ಲೂ ಒಂದು ನ್ಯಾಯ ಮಂದಿರವಿರಲಿ, ‘ಬಹಾ’ ಎಂಬ ಪದದ ಸಂಖ್ಯೆಯಷ್ಟು ಜನ ಸೇರಲಿ ಎಂದು ಅದರಲ್ಲಿದೆ. ಅರಬ್ಬಿ ಅಕ್ಷರಗಳ ಬೆಲೆ ಕೂಡಿದರೆ ಬ 2, ಹ 5, ಅಲಿಫ್ 1, ಹಂಜಾ 1, ಒಟ್ಟು 9. ಅದಕ್ಕಿಂತ ಹೆಚ್ಚಾದರೂ ಅಡ್ಡಿಯಿಲ್ಲ ಎಂದೂ ಇದೆ. ನ್ಯಾಯ ಮಂದಿರದವರನ್ನು ಕರೆಯುವಾಗ ‘ರಿಜಾಲ್’, ಅಂದರೆ ಗಂಡಸರು, ಎಂಬ ಪದ ಬಂದಿರುವುದೇ ತೊಡಕಾಯಿತು. ಷಿಕಾಗೋದ ಹೆಂಗಸರು ಪಾಠ ಹೇಳುತ್ತಿದ್ದರು, ಹಣ ಕೂಡಿಸುತ್ತಿದ್ದರು, ಆದರೆ ಮಂಡಳಿಯಲ್ಲಿ ಅವರಿಗೆ ಜಾಗವಿರಲಿಲ್ಲ. ಅವರಲ್ಲೊಬ್ಬರಾದ ಕೊರಿನ್ ಟ್ರೂ ಇದನ್ನು ಸುಮ್ಮನೆ ಒಪ್ಪಿಕೊಳ್ಳದೆ ನೇರವಾಗಿ ಅಬ್ದುಲ್ ಬಹಾ ಅವರಿಗೇ ಬರೆದರು. ಆ ಪತ್ರ ಬರೆಯಲು ಬೇಕಾದ ಧೈರ್ಯವನ್ನು ಕಡಿಮೆಯೆಂದು ಎಣಿಸಬಾರದು.

1902ರಲ್ಲಿ ಅಬ್ದುಲ್ ಬಹಾ ಮೊದಲು ಬದಲಿಸಿದ್ದು ಹೆಸರನ್ನು. ‘ನ್ಯಾಯ ಮಂದಿರ’ ಎಂದರೆ ಇದೊಂದು ಕೋರ್ಟು, ರಾಜಕೀಯದ ಕೂಟ ಎಂದು ಹೊರಗಿನವರು ತಿಳಿದಾರು, ‘ಆಧ್ಯಾತ್ಮಿಕ ಮಂದಿರ’ ಎನ್ನಿ ಎಂದರು. ಹೆಂಗಸರ ಪ್ರಶ್ನೆಗೆ ಆಗ ಸಿಕ್ಕ ಉತ್ತರ ಟ್ರೂ ಅವರ ಪರವಾಗಿರಲಿಲ್ಲ. ಅವರು ಕೈಚೆಲ್ಲಲಿಲ್ಲ. 1909ರ ಮಾರ್ಚ್‌ನಲ್ಲಿ 36 ಊರುಗಳ 39 ಪ್ರತಿನಿಧಿಗಳು ಷಿಕಾಗೋದಲ್ಲಿ ಸೇರಿ, ಪ್ರಾರ್ಥನಾ ಮಂದಿರ ಕಟ್ಟಲು ‘ಬಹಾಯಿ ಟೆಂಪಲ್ ಯೂನಿಟಿ’ ರಚಿಸಿದಾಗ ಅದರ ಒಂಬತ್ತು ಜನರ ಮಂಡಳಿಯಲ್ಲಿ ಹೆಂಗಸರೂ ಕೂತರು, ಟ್ರೂ ಕೂಡ. 1912ರಲ್ಲಿ ಷಿಕಾಗೋದ ಸ್ಥಳೀಯ ಮಂಡಳಿಯೂ ಹೆಂಗಸರಿಗೆ ತೆರೆಯಿತು. ಪುರುಷರಿಗಷ್ಟೇ ಎಂಬ ಮಿತಿ ಉಳಿದದ್ದು ಇಡೀ ಧರ್ಮದ ಜಾಗತಿಕ ಮಂಡಳಿಯಾಗಿ ಮುಂದೆ ಬರಲಿದ್ದ ವಿಶ್ವ ನ್ಯಾಯ ಮಂದಿರಕ್ಕೆ ಮಾತ್ರ.

ಇದಕ್ಕಿಂತ ಆಳದಲ್ಲಿ ಇನ್ನೊಂದು ಜಗಳವಿತ್ತು: ಧರ್ಮಕ್ಕೆ ಸಂಘಟನೆ ಬೇಕೇ? ಬಹಾಯಿ ಚಳವಳಿಯನ್ನು ಸಂಘಟನೆಯ ಚೌಕಟ್ಟಿಗೆ ಸೇರಿಸಲಾಗದು ಎಂಬ ಮಾತು ಅಬ್ದುಲ್ ಬಹಾ ಅವರದೆಂದು ಅಮೆರಿಕದಲ್ಲಿ ಹರಡಿತ್ತು. ಅವರು 1921ರ ನವೆಂಬರ್ 28ರಂದು ಹೈಫಾದಲ್ಲಿ ತೀರಿಕೊಂಡ ಮೇಲೆ ಉಯಿಲು ತೆರೆದರೆ, ಮೊಮ್ಮಗ ಶೋಘಿ ಎಫೆಂದಿ ಧರ್ಮರಕ್ಷಕರೆಂದು ನೇಮಕವಾಗಿದ್ದರು, ಚುನಾಯಿತ ಸಂಸ್ಥೆಗಳ ವಿವರವೂ ಇತ್ತು. ರೂತ್ ವೈಟ್ ಎಂಬ ಅಮೆರಿಕದ ಬಹಾಯಿ ಉಯಿಲೇ ಖೋಟಾ ಎಂದು ವಾದಿಸಿದರು. ಅವರ ಪರ ಅಭಿಪ್ರಾಯ ಕೊಟ್ಟ ಕೈಬರಹ ತಜ್ಞರು ನೋಡಿದ್ದು ಮೂಲ ಪ್ರತಿಯನ್ನಲ್ಲ, ಅದರ ಛಾಯಾಚಿತ್ರಗಳನ್ನು. ಸಮುದಾಯದ ಬಹುಪಾಲು ಅವರ ಹಿಂದೆ ಹೋಗಲಿಲ್ಲ. ಅವರ ಭಯ ಮಾತ್ರ ಪೊಳ್ಳಲ್ಲ. ಪುರೋಹಿತರಿಲ್ಲದ ಧರ್ಮದೊಳಗೆ ಕಚೇರಿಯೇ ಪುರೋಹಿತನಾಗುವ ಅಪಾಯ ನಿಜವಾದದ್ದೇ.

ಆ ಭಯಕ್ಕೆ ಶೋಘಿ ಎಫೆಂದಿ ಕೊಟ್ಟ ಉತ್ತರ ಚುನಾವಣೆಯ ಕ್ರಮದಲ್ಲೇ ಇದೆ. 1923ರ ಮಾರ್ಚ್ 12ರ ಪತ್ರದಲ್ಲಿ, ಒಂಬತ್ತಕ್ಕಿಂತ ಹೆಚ್ಚು ವಯಸ್ಕ ಬಹಾಯಿಗಳಿರುವ ಊರಿನಲ್ಲೆಲ್ಲ ‘ಆಧ್ಯಾತ್ಮಿಕ ಸಭೆ’, ಅಂದರೆ ಊರಿನ ಒಂಬತ್ತು ಜನರ ಮಂಡಳಿ, ಆರಿಸಿ ಎಂದರು. ಅದೇ ವರ್ಷ ಬ್ರಿಟನ್, ಜರ್ಮನಿ, ಭಾರತ-ಬರ್ಮಾಗಳಲ್ಲಿ ರಾಷ್ಟ್ರೀಯ ಸಭೆಗಳು ಬಂದವು. ನಾಮಪತ್ರವಿಲ್ಲ, ಅಭ್ಯರ್ಥಿಯಿಲ್ಲ, ಪ್ರಚಾರವಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಪ್ರತಿಯೊಬ್ಬರೂ ಗುಟ್ಟಾಗಿ ಊರಿನ ವಯಸ್ಕ ಬಹಾಯಿಗಳಲ್ಲಿ ಒಂಬತ್ತು ಹೆಸರು ಬರೆಯಬೇಕು. ಬರಲಾಗದವರು ಹೆಸರಿಲ್ಲದ ಲಕೋಟೆಯಲ್ಲಿ ಚೀಟಿ ಇಟ್ಟು, ಅದನ್ನು ತಮ್ಮ ಹೆಸರಿರುವ ಇನ್ನೊಂದು ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಎಣಿಸುವವರು ಹೊರಲಕೋಟೆ ನೋಡಿ ಪಟ್ಟಿಯಲ್ಲಿ ಗುರುತು ಹಾಕಿ, ಒಳಲಕೋಟೆಯನ್ನು ಬಿಡಿಸದೆ ಪೆಟ್ಟಿಗೆಗೆ ಹಾಕುತ್ತಾರೆ.

ಚೀಟಿ ಕೆಡುವುದು ಸಣ್ಣ ತಪ್ಪುಗಳಿಂದ. ಎಂಟೇ ಹೆಸರು ಬರೆದರೆ, ಹತ್ತು ಬರೆದರೆ, ಒಂದೇ ಹೆಸರು ಎರಡು ಸಲ ಬಂದರೆ ಇಡೀ ಚೀಟಿ ಅಸಿಂಧು. ಒಂದೇ ಹೆಸರಿನ ಇಬ್ಬರಿರುವ ಊರಿನಲ್ಲಿ ಇನಿಷಿಯಲ್ ಬಿಟ್ಟರೆ ಆ ಮತ ಯಾರದೆಂದು ತಿಳಿಯದು. ಇದಕ್ಕಿಂತ ದೊಡ್ಡ ತೊಂದರೆ ಎಂದರೆ ಜನ ಒಬ್ಬರನ್ನೊಬ್ಬರು ಸರಿಯಾಗಿ ಬಲ್ಲದಿರುವುದು. ಅಭ್ಯರ್ಥಿಗಳ ಪಟ್ಟಿ ಇಲ್ಲದ ಕಡೆ ಪರಿಚಯವೇ ಪಟ್ಟಿ. ಹತ್ತೊಂಬತ್ತು ದಿನಕ್ಕೊಮ್ಮೆ ನಡೆಯುವ ಕೂಟಕ್ಕೆ ಬಾರದವರು ಕಳೆದ ವರ್ಷದ ಒಂಬತ್ತು ಹೆಸರನ್ನೇ ನಕಲು ಮಾಡುತ್ತಾರೆ.

ಹೆಚ್ಚು ಮತ ಬಂದ ಒಂಬತ್ತು ಮಂದಿ ಆಯ್ಕೆ. ಒಂಬತ್ತನೇ ಜಾಗಕ್ಕೆ ಇಬ್ಬರಿಗೆ ಸಮ ಮತ ಬಂದರೆ ಆ ಇಬ್ಬರಿಗೆ ಮಾತ್ರ ಮತ್ತೆ ಮತದಾನ. ಅವರಲ್ಲಿ ಒಬ್ಬರು ಆ ಸಮಾಜದ ಅಲ್ಪಸಂಖ್ಯಾತ ಗುಂಪಿನವರಾದರೆ ಮರುಮತವೂ ಇಲ್ಲ, ಜಾಗ ಅವರಿಗೇ. ಶೋಘಿ ಎಫೆಂದಿ ಇದನ್ನು 1938ರಲ್ಲಿ ಬರೆದದ್ದು ಉತ್ತರ ಅಮೆರಿಕದ ಬಹಾಯಿಗಳಿಗೆ. ಕರಿಯರೂ ಬಿಳಿಯರೂ ಒಂದೇ ಮೇಜಿಗೆ ಕೂರುವುದೇ ಅಪರೂಪವಾಗಿದ್ದ ಕಾಲ ಅದು.