ಅಕ್ಕಲಕೋಟದ ಜೋಳದ ಧಾರಣೆ: ಲೆಕ್ಕ ಎಲ್ಲಿಗೆ ಬಂತು

ಫೆಬ್ರುವರಿ

ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿದ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಜೋಳದ ಧಾರಣೆ ಕಳೆದ ನೂರರವತ್ತು ವರ್ಷಗಳಲ್ಲಿ ಹೇಗೆ ಏರಿಳಿಯಿತು ಎಂಬುದನ್ನು ಒಂದೇ ಕೋಷ್ಟಕಕ್ಕೆ ತರುವ ಕೆಲಸ ಹಿಡಿದಿದ್ದೇನೆ. ಅಕ್ಕಿ, ಗೋಧಿ ಸದ್ಯಕ್ಕೆ ಪಕ್ಕಕ್ಕಿರಲಿ. ಈ ಎರೆ ಭೂಮಿಯಲ್ಲಿ ಹೊಟ್ಟೆಗೆ ಆಧಾರವೆಂದರೆ ಹಿಂಗಾರಿ ಜೋಳ. ಗೋಧಿ ಹೋಳಿಗೆಗೆ, ಅಕ್ಕಿ ಬೀಗರು ಬಂದಾಗ.

ಕೋಷ್ಟಕದ ಮೊದಲ ಸಾಲು 1860. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಸೊಲ್ಲಾಪುರ ಮುಟ್ಟಿದ ವರ್ಷ ಅದು. 1871ರಲ್ಲಿ ಆ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1884ರ ಹೊತ್ತಿಗೆ ಹೋಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ಮೀಟರ್ ಗೇಜ್ ಬಂತು. ಬರಗಾಲದಲ್ಲಿ ಕಾಳು ಸಾಗಿಸುವುದು ಆ ಹಳಿಯ ಉದ್ದೇಶಗಳಲ್ಲಿ ದೊಡ್ಡದು. ಅದಕ್ಕೂ ಮೊದಲು ಕಾಳು ಎತ್ತಿನ ಬೆನ್ನಿನ ಹೇರಿನಲ್ಲಿ ಬರಬೇಕಿತ್ತು. ಒಂದು ಪೇಟೆಯಲ್ಲಿ ಜೋಳ ತೀರ ಅಗ್ಗಕ್ಕೆ ಹೋಗುತ್ತಿರುವಾಗ ನಾಲ್ಕು ದಿನದ ದಾರಿಯ ಇನ್ನೊಂದು ಪೇಟೆಯಲ್ಲಿ ಅದು ಕೈಗೆಟುಕದಂತಿರುವುದು ಆಗ ವಿಶೇಷವೇನೂ ಅಲ್ಲ.

ಒಂದು ತೊಡಕನ್ನು ಮೊದಲೇ ಹೇಳಿಬಿಡಬೇಕು. 1948ರವರೆಗೆ ಅಕ್ಕಲಕೋಟ ಸಂಸ್ಥಾನ. ಬ್ರಿಟಿಷರ ಕಡತಗಳಲ್ಲಿ ‘ಸೊಲ್ಲಾಪುರ ಜಿಲ್ಲೆ’ ಎಂದಿದ್ದರೆ ಅದರಲ್ಲಿ ನಾವಿಲ್ಲ. ಮೂಡಲಕ್ಕೆ ಆಳಂದ, ಬಡಗಲಿಗೆ ತುಳಜಾಪುರ, ಎರಡೂ ನಿಜಾಮನವು. ಹಾಗಾಗಿ ಸರ್ಕಾರದ ಧಾರಣೆ ಪಟ್ಟಿ ಒಂದು ಕಣ್ಣು, ದುಧನಿ ಕಡೆಯ ಹಳೆಯ ಅಡತಿ ಅಂಗಡಿಯೊಂದರ ಕೀರ್ದಿ ಪುಸ್ತಕಗಳು (ದಿನದ ಜಮಾ-ಖರ್ಚಿನ ಲೆಕ್ಕ) ಇನ್ನೊಂದು ಕಣ್ಣು ಎಂದು ಇಟ್ಟುಕೊಂಡಿದ್ದೇನೆ. ಅಂಗಡಿಯ ಮನೆಯವರು ಪುಸ್ತಕ ಹೊರಗೆ ಕೊಡುವುದಿಲ್ಲ. ಅವರ ಪಡಸಾಲೆಯಲ್ಲೇ ಕುಳಿತು ಫೋಟೋ ತೆಗೆದುಕೊಳ್ಳಬೇಕು. ಸಾಲಗಾರರ ಹೆಸರುಗಳನ್ನು ಬರೆದುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಅವರ ಮೊಮ್ಮಕ್ಕಳು ಇಲ್ಲೇ ಓಡಾಡುತ್ತಿದ್ದಾರೆ.

ಮಾರ್ಚ್

ಸರ್ಕಾರಿ ಪಟ್ಟಿಗಳು ಒಂದು ಸೇರಿಗೆ ಎಷ್ಟು ಆಣೆ (ಹದಿನಾರು ಆಣೆಗೆ ಒಂದು ರೂಪಾಯಿ) ಎಂದು ಹೇಳುವುದಿಲ್ಲ. ರೂಪಾಯಿಗೆ ಎಷ್ಟು ಸೇರು ಎಂದು ಹೇಳುತ್ತವೆ. ಅಂಕಿ ಹಿಗ್ಗಿದರೆ ಕಾಳು ಅಗ್ಗ, ಕುಗ್ಗಿದರೆ ತುಟ್ಟಿ. ಈ ಅಂಕಿಗಳನ್ನೇ ರೇಖಾನಕ್ಷೆಯ ಮೇಲೆ ಇಟ್ಟರೆ ಬರಗಾಲಗಳು ಗುಡ್ಡಗಳಾಗುವ ಬದಲು ತಗ್ಗುಗಳಾಗುತ್ತವೆ.

ತಿರುಗಿಸುವ ಲೆಕ್ಕ ಸುಲಭ. ಎಂಬತ್ತು ತೊಲೆಯ ಪಕ್ಕಾ ಸೇರು ಎಂದರೆ 933 ಗ್ರಾಂ, ನಲವತ್ತು ಸೇರಿಗೆ ಒಂದು ಮಣ. ಕ್ವಿಂಟಲ್ ಬೆಲೆ ಬೇಕೆಂದರೆ 107.17ನ್ನು ಸೇರಿನ ಸಂಖ್ಯೆಯಿಂದ ಭಾಗಿಸಿದರಾಯಿತು. ರೂಪಾಯಿಗೆ 20 ಸೇರು ಎಂದರೆ ಕ್ವಿಂಟಲ್‌ಗೆ 5 ರೂಪಾಯಿ 36 ಪೈಸೆ. 10 ಸೇರು ಎಂದರೆ 10 ರೂಪಾಯಿ 72 ಪೈಸೆ.

ಮೋಸ ಇರುವುದು ಸರಾಸರಿಯಲ್ಲಿ. ಮಾದರಿಗೆ ಒಂದು ವರ್ಷ ತೆಗೆದುಕೊಳ್ಳಿ: ಮೊದಲ ಆರು ತಿಂಗಳು ರೂಪಾಯಿಗೆ 30 ಸೇರು, ಉಳಿದ ಆರು ತಿಂಗಳು 10 ಸೇರು. ಸೇರುಗಳ ಸರಾಸರಿ 20, ಅದನ್ನು ಬೆಲೆಗೆ ತಿರುಗಿಸಿದರೆ 5 ರೂಪಾಯಿ 36 ಪೈಸೆ. ಪ್ರತಿ ತಿಂಗಳನ್ನೂ ಮೊದಲು ಬೆಲೆಗೆ ತಿರುಗಿಸಿ ಆಮೇಲೆ ಸರಾಸರಿ ಹಿಡಿದರೆ 7 ರೂಪಾಯಿ 14 ಪೈಸೆ. ಎರಡಕ್ಕೂ ಮೂರನೇ ಒಂದು ಪಾಲಿನಷ್ಟು ಅಂತರ! ಧಾರಣೆ ತಿಂಗಳು ತಿಂಗಳಿಗೆ ಜಿಗಿಯುವುದು ಬರದ ವರ್ಷಗಳಲ್ಲಿ. ಆದ್ದರಿಂದ ಈ ತಪ್ಪು ದೊಡ್ಡದಾಗುವುದೂ ಆ ವರ್ಷಗಳಲ್ಲೇ. ಸೇರುಗಳ ಸರಾಸರಿ ಹಾಕಿದ ಕೋಷ್ಟಕದಲ್ಲಿ ಬರ ಇದ್ದುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ವಾರ್ಷಿಕ ಸರಾಸರಿಯನ್ನಷ್ಟೇ ಕೊಟ್ಟು ತಿಂಗಳ ಅಂಕಿ ಕೊಡದ ಪುಟಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದೇನೆ. ಅವುಗಳ ಮೇಲೆ ಭಾರ ಹಾಕುವುದಿಲ್ಲ.

ಏಪ್ರಿಲ್

ಕೀರ್ದಿಯಲ್ಲಿ ತೂಕವಿಲ್ಲ, ಅಳತೆ ಇದೆ. ನಾಲ್ಕು ಸೇರಿಗೆ ಒಂದು ಪಾಯಲಿ. ಆದರೆ ಈ ಸೇರು ಪಾತ್ರೆಯ ಸೇರು. ಸರ್ಕಾರದ ತೂಕದ ಸೇರಿಗೂ ಇದಕ್ಕೂ ಹೆಸರೊಂದೇ ನೆಂಟಸ್ತಿಕೆ. ಊರಿಂದೂರಿಗೆ ಪಾಯಲಿ ಬದಲಾಗುತ್ತದೆ.

ಅಂಗಡಿಯವರ ಹಿತ್ತಾಳೆಯ ಸೇರು ಇನ್ನೂ ಇದೆ. ಬಾಯಿಯ ಅಂಚು ಒಂದು ಕಡೆ ಸವೆದು ಕಾಗದದಷ್ಟು ತೆಳುವಾಗಿದೆ. ಕೋಲು ಎಳೆದು ಎಳೆದು ಆದ ಸವೆತ. ಹೊಸದಾಗಿ ಬಂದ ಮಾಲದಂಡಿ ತಳಿಯ ಜೋಳ ತರಿಸಿ, ಅಡುಗೆಮನೆಯ ವಿದ್ಯುತ್ ತಕ್ಕಡಿ ಪಕ್ಕದಲ್ಲಿಟ್ಟುಕೊಂಡು ಅಳೆದೆವು. ಕೋಲಿನಿಂದ ಬಾಯಿ ಸಮ ಮಾಡಿದರೆ ಒಂದು ತೂಕ. ಗೋಪುರ ನಿಲ್ಲುವಂತೆ ಸುರಿದರೆ, ಕಾಳು ಇನ್ನು ನಿಲ್ಲದೆ ಅಂಚಿನಿಂದ ಉರುಳುವವರೆಗೆ ಸುರಿದರೆ, ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಹೆಚ್ಚು. ನೆಲಕ್ಕೆ ಎರಡು ಸಲ ಕುಟ್ಟಿ ತುಂಬಿದರೆ ಇನ್ನೂ ಹೆಚ್ಚು. ಮನೆಯ ಹಿರಿಯರು ಪಕ್ಕದಲ್ಲಿ ಕುಳಿತು ‘ಲಾಭ, ಎರಡು, ಮೂರು’ ಎಂದು ಎಣಿಸುತ್ತಿದ್ದರು. ರೈತನಿಂದ ಕೊಳ್ಳುವಾಗ ಯಾವ ಅಳತೆ, ಕೊಡುವಾಗ ಯಾವ ಅಳತೆ ಎಂದು ಕೇಳಿದೆ. ಅವರು ನಕ್ಕರು, ಉತ್ತರ ಹೇಳಲಿಲ್ಲ.

ಕೋಷ್ಟಕಕ್ಕೆ ಬಾಯಿ ಸಮದ ತೂಕವನ್ನೇ ಹಿಡಿದಿದ್ದೇನೆ. ಶೇಕಡ ಹತ್ತರಷ್ಟು ಹೊಯ್ದಾಟ ಈ ಅಂಕಣದಲ್ಲಿ ಯಾವಾಗಲೂ ಇರುತ್ತದೆ ಎಂಬ ಟಿಪ್ಪಣಿಯೊಂದಿಗೆ.

ಮೇ

ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ, ಕೀರ್ದಿ ಓದುವುದಕ್ಕೆ ಇದೇ ಸರಿಯಾದ ಕಾಲ. ಬರವಣಿಗೆ ಅರ್ಧ ಕನ್ನಡ, ಅರ್ಧ ಮೋಡಿ, ಅಂದರೆ ಮರಾಠಿಯ ಹಳೆಯ ಕೂಡುಬರಹದ ಲಿಪಿ. ರೂಪಾಯಿಯ ಅಂಕಿಯ ಮುಂದೆ ಉದ್ದ ಗೀಟು ಒಂದಕ್ಕೆ ನಾಲ್ಕಾಣೆ, ಅಡ್ಡ ಗೀಟು ಒಂದಕ್ಕೆ ಒಂದಾಣೆ. ಕಣ್ಣು ಪಳಗಿದ ಮೇಲೆ ಇದು ಇಂದಿನ ದಶಮಾಂಶಕ್ಕಿಂತ ಬೇಗ ಓದಿಸಿಕೊಳ್ಳುತ್ತದೆ.

ವರ್ಷ ಗುರುತಿಸುವುದು ಹೆಚ್ಚು ಸತಾಯಿಸಿತು. ಕೆಲವು ಪುಟಗಳಲ್ಲಿ ಸಂವತ್ಸರದ ಹೆಸರಷ್ಟೇ ಇದೆ. ಧಾತು ಎಂದರೆ 1876 ಆಗಬಹುದು, 1936 ಆಗಬಹುದು. ಮೊದಲನೆಯದು ಮಹಾ ಬರ, ಎರಡನೆಯದು ಜಗತ್ತಿನಾದ್ಯಂತ ಕೃಷಿ ಬೆಲೆಗಳು ಬಿದ್ದುಹೋಗಿದ್ದ ದಶಕ. ತಿಥಿಯ ಜೊತೆ ವಾರವನ್ನೂ ಬರೆದಿದ್ದರೆ ಹಳೆಯ ಪಂಚಾಂಗಕ್ಕೆ ಹೊಂದಿಸಿ ಬಗೆಹರಿಸಬಹುದು. ಶಕವರ್ಷ ಇದ್ದರೆ ಚಿಂತೆಯೇ ಇಲ್ಲ, 1798 ಎಂದರೆ 1876. ಅಂಗಡಿಯ ವರ್ಷ ದೀಪಾವಳಿ ಪಾಡ್ಯಕ್ಕೆ ಶುರು, ಮುಂಬಯಿ ಸರ್ಕಾರದ ಕಂದಾಯ ವರ್ಷ ಆಗಸ್ಟ್ ಒಂದಕ್ಕೆ. ಆದ್ದರಿಂದ ಎರಡನ್ನೂ ತಿಂಗಳಿಗೆ ಒಡೆಯದೆ ಪಕ್ಕಪಕ್ಕ ಇಡುವಂತಿಲ್ಲ.

ನಾಣ್ಯವೂ ಎರಡು ಬಗೆ. ಆಳಂದದ ಸಂತೆಯಿಂದ ಬಂದ ಲೆಕ್ಕ ನಿಜಾಮನ ಹಾಲಿ ಸಿಕ್ಕಾದಲ್ಲಿ, ಸೊಲ್ಲಾಪುರದ್ದು ಕಲದಾರದಲ್ಲಿ, ಅಂದರೆ ಬ್ರಿಟಿಷ್ ರೂಪಾಯಿಯಲ್ಲಿ. ಕೊನೆಗೆ ನಿಂತ ದರ ಏಳು ಹಾಲಿಗೆ ಆರು ಕಲದಾರ. ಅದಕ್ಕೂ ಹಿಂದೆ ವಟ್ಟ (ನಾಣ್ಯ ಬದಲಿಸುವಾಗಿನ ಕಡಿತ) ಏರಿಳಿಯುತ್ತಿತ್ತು. ಗಡಿಯಲ್ಲಿ ಕರೋಡಗಿರಿ ನಾಕಾದ ಸುಂಕ ಬೇರೆ. ಆಳಂದದ ಧಾರಣೆ ನಮ್ಮದಕ್ಕಿಂತ ಬೇರೆ ಎಂದು ಕಾಣುವ ಎಷ್ಟೋ ಸಾಲುಗಳು ವಟ್ಟ ಕಳೆದು ಸುಂಕ ಕೂಡಿಸಿದ ಮೇಲೆ ನಮ್ಮ ಧಾರಣೆಗೇ ಬಂದು ನಿಲ್ಲುತ್ತವೆ.

ಜುಲೈ

1876ರ ಮಳೆಗಾಲಕ್ಕೆ ಬಂದಿದ್ದೇನೆ. ಹಿಂಗಾರಿ ಬಿತ್ತನೆಗೆ ಬೇಕಾದ ಸೆಪ್ಟೆಂಬರ್, ಅಕ್ಟೋಬರ್ ಮಳೆ ಕೈಕೊಟ್ಟಿತು. ಕೆಲವೇ ವಾರಗಳಲ್ಲಿ ಧಾರಣೆ ಹಾರಿತು. ರೈಲು ಹೊರಗಿನ ಕಾಳನ್ನು ತಂದು ಸುರಿದ ಮೇಲೆ ಏರಿಕೆಗೊಂದು ಮಿತಿ ಬಂತು. ನಕ್ಷೆಯಲ್ಲಿ ಗೆರೆ ಮೇಲೇರಿ ಸಮತಟ್ಟಾಗುತ್ತದೆ. ಇದನ್ನು ನೋಡಿ ರೈಲು ಜನರನ್ನು ಉಳಿಸಿತು ಎನ್ನುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಕಾಳು ಸ್ಟೇಷನ್‌ನಲ್ಲಿತ್ತು, ಕೊಳ್ಳಲು ಕೂಲಿ ಎಲ್ಲಿತ್ತು?

ಅದಕ್ಕೇ ಕೂಲಿಯ ಅಂಕಣ ಸೇರಿಸಿದ್ದೇನೆ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಒಂದಾಣೆ ಎಂದು ಗೊತ್ತುಮಾಡಿದ. ಪೌಂಡ್ ಎಂದರೆ 454 ಗ್ರಾಂ, ಅರ್ಧ ಸೇರಿಗೂ ತುಸು ಕಡಿಮೆ. ರೂಪಾಯಿಗೆ 20 ಸೇರು ಸಿಗುವ ಕಾಲದಲ್ಲಿ ಒಂದಾಣೆಗೆ ಒಂದೂಕಾಲು ಸೇರು ಜೋಳ ಬರುತ್ತದೆ. 10 ಸೇರಿನ ಕಾಲದಲ್ಲಿ ಅದು 600 ಗ್ರಾಮೂ ಆಗುವುದಿಲ್ಲ. ಆ ಆಣೆಯಲ್ಲೇ ಉಪ್ಪು, ಮೆಣಸಿನಕಾಯಿ, ಸೌದೆ. ಇಡೀ ದಿನ ಖಡಿ ಒಡೆದವನ ಲೆಕ್ಕ ಇದು. ಮದರಾಸಿನಲ್ಲಿ ಆರೋಗ್ಯಾಧಿಕಾರಿ ಕಾರ್ನಿಶ್ ಇದು ದುಡಿಯುವ ದೇಹಕ್ಕೆ ಸಾಲದು ಎಂದು ವಿರೋಧಿಸಿದ. ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಘವೂ ಬರದ ಜಿಲ್ಲೆಗಳಿಂದ ವರದಿ ತರಿಸಿ ಸರ್ಕಾರದ ಮುಂದಿಟ್ಟಿತು. 1896 ಮತ್ತು 1899ರ ಬರಗಳಲ್ಲೂ ಇದೇ ಲೆಕ್ಕ ಹಾಕಬೇಕು. 1901ರ ಜನಗಣತಿಯಲ್ಲಿ ಸೊಲ್ಲಾಪುರ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಶೇಕಡ ನಾಲ್ಕರಷ್ಟು ಇಳಿದಿತ್ತು, ರೈಲು ಬಂದು ನಲವತ್ತು ವರ್ಷವಾದ ಮೇಲೂ.

ಇದೇ ಜಿಲ್ಲೆಯ ಮಂಗಳವೇಢೆಯಲ್ಲಿ ಬಹಮನಿಗಳ ಕಾಲದಲ್ಲಿ ದಾಮಾಜಿಪಂತ ಸರ್ಕಾರದ ಕಣಜ ತೆರೆದು ಹಸಿದವರಿಗೆ ಹಂಚಿದನೆಂದು ಇಂದಿಗೂ ಹಾಡುತ್ತಾರೆ. ಟೆಂಪಲ್‌ನ ಹೆಸರಿನಲ್ಲಿ ಯಾರೂ ಹಾಡು ಕಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಸೆಪ್ಟೆಂಬರ್

ಈ ತಿಂಗಳು ಕೆಲಸದ ದಿಕ್ಕೇ ಬದಲಾಯಿತು. ವರ್ಷವಾರು ಗೆರೆಯನ್ನು ಬದಿಗಿಟ್ಟು, ಮಾಘದಿಂದ ಪುಷ್ಯದವರೆಗೆ ತಿಂಗಳವಾರು ಹಾಳೆ ಮಾಡಿದ್ದೇನೆ. ಸುಗ್ಗಿಯ ಧಾರಣೆಯನ್ನು ನೂರು ಎಂದಿಟ್ಟುಕೊಂಡು ಉಳಿದ ತಿಂಗಳುಗಳನ್ನು ಅದಕ್ಕೆ ಹೋಲಿಸಿ ನೋಡುವುದು.

ಕಾರಣ ಕೀರ್ದಿಯಲ್ಲೇ ಇದೆ. ಫಾಲ್ಗುಣ, ಚೈತ್ರದಲ್ಲಿ ರಾಶಿ ಮುಗಿಸಿ ಅಂಗಡಿಗೆ ಜೋಳ ಹಾಕಿದವನ ಹೆಸರೇ ಶ್ರಾವಣ, ಭಾದ್ರಪದದಲ್ಲಿ ಜೋಳ ಉದ್ದರಿ ಒಯ್ದವರ ಸಾಲಿನಲ್ಲಿದೆ. ಮಾರುವಾಗ ಅವನಿಗೆ ವರ್ಷದ ಕನಿಷ್ಠ ಧಾರಣೆ, ಕೊಳ್ಳುವಾಗ ಗರಿಷ್ಠ ಧಾರಣೆ. ವಾರ್ಷಿಕ ಸರಾಸರಿ ಎಂಬ ಬೆಲೆಗೆ ಅವನು ಜನ್ಮದಲ್ಲಿ ಒಮ್ಮೆಯೂ ವ್ಯವಹಾರ ಮಾಡಿದ್ದಿಲ್ಲ.

ಕಾಳಿಗೆ ಕಾಳೇ ಬಡ್ಡಿಯಾದರೆ ಸವಾಯಿ ಇಲ್ಲವೇ ದೀಡಿ: ನಾಲ್ಕು ಪಾಯಲಿ ಒಯ್ದವನು ಸುಗ್ಗಿಯಲ್ಲಿ ಐದು ಅಥವಾ ಆರು ಕೊಡಬೇಕು. ಇದು ಎದುರಿಗೆ ಕಾಣುವ ಬಡ್ಡಿ. ಕಾಣದ ಬಡ್ಡಿ ಬೇರೆ ಇದೆ. ಶ್ರಾವಣದಲ್ಲಿ ರೂಪಾಯಿಗೆ 10 ಸೇರು, ಸುಗ್ಗಿಯಲ್ಲಿ 16 ಸೇರು ಎಂದು ಇಟ್ಟುಕೊಳ್ಳೋಣ. ಶ್ರಾವಣದಲ್ಲಿ ಒಯ್ದ ಹತ್ತು ಸೇರನ್ನು ಖಾತೆಯಲ್ಲಿ ‘ಒಂದು ರೂಪಾಯಿ’ ಎಂದು ಬರೆದು, ಸುಗ್ಗಿಯಲ್ಲಿ ಆ ರೂಪಾಯಿಗೆ ಜೋಳ ಕೊಡು ಎಂದರೆ ಹದಿನಾರು ಸೇರು ಹೋಗುತ್ತದೆ. ಬಡ್ಡಿ ಎಂದು ಒಂದು ಕಾಸೂ ಬರೆಯದೆ ಆರು ತಿಂಗಳಿಗೆ ಶೇಕಡ ಅರವತ್ತು! 1875ರಲ್ಲಿ ಪುಣೆ, ಅಹಮದನಗರದ ಕಡೆ ರೈತರು ಸಾಹುಕಾರರ ಪತ್ರಗಳನ್ನು ಬೀದಿಗೆ ಹಾಕಿ ಸುಟ್ಟರು. 1879ರಲ್ಲಿ ಬಂದ ದಖನ್ ಕೃಷಿಕರ ಪರಿಹಾರ ಕಾಯ್ದೆ ಸೊಲ್ಲಾಪುರಕ್ಕೂ ಅನ್ವಯವಾಯಿತು. ಆ ಕಾಯ್ದೆಯ ಬಗ್ಗೆ ಓದಿದಾಗ ಬಡ್ಡಿಯ ದರವೇ ಜಗಳದ ಮೂಲವೆಂದುಕೊಂಡಿದ್ದೆ. ಈಗ ಧಾರಣೆಯ ಋತುಚಕ್ರವನ್ನೂ ಅದರ ಪಕ್ಕಕ್ಕೆ ಇಡುತ್ತೇನೆ.

ಹಗೇವು ಇದ್ದವನಿಗೆ ಈ ಚಕ್ರ ತಟ್ಟುತ್ತಿರಲಿಲ್ಲ. ನೆಲ ಅಗೆದು, ಒಳಗೆ ಹೊಟ್ಟು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಹೊಸ ಜೋಳಕ್ಕಿಂತ ಹಗೇವಿನ ಜೋಳಕ್ಕೆ ಧಾರಣೆ ಕಡಿಮೆ, ಮುಗ್ಗಲು ವಾಸನೆಯ ಕಾರಣ. ಕೀರ್ದಿಯಲ್ಲಿ ‘ಹಗೇದ’ ಎಂದು ಗುರುತು ಮಾಡಿದ ಸಾಲುಗಳನ್ನು ಬೇರೆ ತೆಗೆದಿಟ್ಟಿದ್ದೇನೆ. ಬೆರೆಸಿದರೆ ಶ್ರಾವಣದ ಏರಿಕೆ ಸುಳ್ಳೇ ತಗ್ಗುತ್ತದೆ.

ನವೆಂಬರ್

ಸ್ವಾತಂತ್ರ್ಯದ ಈಚೆಗಿನದು ಬೇಗ ಸಾಗಿತು, ಮುದ್ರಿತ ಅಂಕಿ ಬೇಕಾದಷ್ಟಿವೆ. ಯುದ್ಧಕಾಲದ ಲೆವಿ (ಸರ್ಕಾರದ ಕಡ್ಡಾಯ ಕಾಳು ವಸೂಲಿ) ಮತ್ತು ರೇಷನ್, 1947ರ ಡಿಸೆಂಬರ್‌ನಲ್ಲಿ ನಿಯಂತ್ರಣ ತೆಗೆದದ್ದು, ಬೆಲೆ ಚಿಮ್ಮಿ 1948ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹೇರಿದ್ದು. ನಿಯಂತ್ರಣದ ವರ್ಷಗಳಲ್ಲಿ ಸರ್ಕಾರಿ ಧಾರಣೆ ಸಮತಟ್ಟು ಗೆರೆ. ಅದನ್ನು ನಂಬಿ ಕುಳಿತರೆ ಆ ಕಾಲದಲ್ಲಿ ಎಲ್ಲರೂ ಸುಖವಾಗಿದ್ದರು ಎನ್ನಬೇಕಾಗುತ್ತದೆ. 1972ರ ಬರಕ್ಕೆ ಅಮೆರಿಕದ ಕೆಂಪು ಜೋಳ, ಮಿಲೋ, ಬಂತು. ಅದರ ರೊಟ್ಟಿಯ ಬಗ್ಗೆ ಊರಿನ ಹಿರಿಯರನ್ನು ಕೇಳಿದರೆ ಇಂದಿಗೂ ಮುಖ ಕಿವಿಚುತ್ತಾರೆ.

ಬೆಂಬಲ ಬೆಲೆಯ ಸಾಲಿನಲ್ಲಿ ಒಂದು ಜಾಗ ಕಣ್ಣಿಗೆ ಹೊಡೆಯಿತು. 2011-12ರಲ್ಲಿ ಮಾಲದಂಡಿ ಜೋಳಕ್ಕೆ ಕ್ವಿಂಟಲ್‌ಗೆ 1000 ರೂಪಾಯಿ, ಮರುವರ್ಷ ಏಕಾಏಕಿ 1520. ಗೋಧಿಯದು 2012-13ರ ಮಾರಾಟ ಹಂಗಾಮಿಗೆ 1285. ಹೀಗೆ ಜೋಳ ಗೋಧಿಯನ್ನು ದಾಟಿತು, ಮತ್ತೆ ಕೆಳಗಿಳಿಯಲಿಲ್ಲ. 2024-25ಕ್ಕೆ ಮಾಲದಂಡಿ 3421, 2025-26ಕ್ಕೆ 3749. ಬಡವರ ಕಾಳು ಗೋಧಿಗಿಂತ ತುಟ್ಟಿಯಾಗಿದೆ. ಇತ್ತ ರೇಷನ್ ಅಂಗಡಿಯಲ್ಲಿ ಗೋಧಿ, ಅಕ್ಕಿ 2023ರ ಜನವರಿಯಿಂದ ಪುಕ್ಕಟೆ. ನಮ್ಮೂರ ಮನೆಗಳಲ್ಲಿ ರಾತ್ರಿ ಊಟಕ್ಕೆ ಚಪಾತಿ ಬಂದದ್ದು ರುಚಿಗಾಗಿ ಅಲ್ಲ. ಇನ್ನೊಂದು ವಿಚಿತ್ರ: ಜೋಳದ ಬೆಂಬಲ ಬೆಲೆ ಮುಂಗಾರು ಬೆಳೆಗಳ ಪಟ್ಟಿಯಲ್ಲಿ ಪ್ರಕಟವಾಗುತ್ತದೆ, ನಮ್ಮ ಜೋಳ ಪೇಟೆಗೆ ಬರುವುದು ಫೆಬ್ರುವರಿಯ ನಂತರ.

ಮುಂದಿನ ಅಂಕಣ ಕಣಿಕೆಯದು, ಅಂದರೆ ಜೋಳದ ದಂಟಿನ ಮೇವಿನದು. ಬರದ ವರ್ಷಗಳಲ್ಲಿ ಕಾಳಿಗಿಂತ ಮೇವಿನಲ್ಲೇ ರೈತನ ಕೈಗೆ ನಾಲ್ಕು ಕಾಸು ಸಿಕ್ಕ ಪುಟಗಳು ಕೀರ್ದಿಯಲ್ಲಿವೆ, ಅವಿಲ್ಲದೆ ಎಕರೆಯ ಆದಾಯದ ಲೆಕ್ಕ ಕೂಡುವುದಿಲ್ಲ. ಆದರೆ ಕಣಿಕೆಯ ಧಾರಣೆ ನೂರು ಸಿವುಡಿನ (ಕಟ್ಟಿನ) ಮೇಲೆ. ಸಿವುಡಿನ ಗಾತ್ರ ಕಟ್ಟಿದವನ ತೋಳಿನಷ್ಟು. ಈ ಸುಗ್ಗಿಯಲ್ಲಿ ಅಕ್ಕಲಕೋಟ, ದುಧನಿ, ಆಳಂದ ಮೂರೂ ಕಡೆಯ ಹೊಲಗಳಲ್ಲಿ ಸಿವುಡು ತೂಗಿ ನೋಡಿದ ಮೇಲೆಯೇ ಆ ಅಂಕಿಗಳನ್ನು ಕೋಷ್ಟಕಕ್ಕೆ ಹಾಕುತ್ತೇನೆ. ಅಲ್ಲಿಯವರೆಗೆ ಆ ಅಂಕಣ ಖಾಲಿ.