ಮಾರುತಿ 800ರ ಬಾಲ್ ಜಾಯಿಂಟ್: ಬಿಚ್ಚುವುದಕ್ಕಿಂತ ಪತ್ತೆ ಹಚ್ಚುವುದೇ ಕಷ್ಟ

ಹಳೇ ಕಾರಿನ ಮುಂದಿನ ಚಕ್ರದ ಕಡೆಯಿಂದ ಸದ್ದು ಬಂತು ಅಂದರೆ ನಮ್ಮ ಕೋಲಾರದಲ್ಲಿ ಸಲಹೆಗೇನೂ ಬರ ಇಲ್ಲ. ಟೀ ಅಂಗಡಿಯವರು ಶಾಕ್ ಅಬ್ಸಾರ್ಬರ್ ಅಂತಾರೆ. ಪಕ್ಕದ ಮನೆಯವರು ಬೇರಿಂಗ್ ಅಂತಾರೆ. ಗ್ಯಾರೇಜಿಗೆ ಹೋದರೆ ಎಲ್ಲಾ ಒಟ್ಟಿಗೇ ಹಾಕಿಬಿಡೋಣ ಸಾರ್ ಅಂತಾರೆ. ಮೂವರಲ್ಲಿ ಒಬ್ಬರೂ ಚಕ್ರ ಎತ್ತಿ ನೋಡಿರುವುದಿಲ್ಲ.

ನಮ್ಮದು 2004ರ ಮಾರುತಿ 800. ಹದಿನೈದು ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ ಉಳಿಸಿಕೊಂಡಿರುವ ಗಾಡಿ. ಹೈವೇಯಲ್ಲಿ ಬೆಂಗಳೂರಿಗೆ ಹೋಗಿ ಬಂದರೆ ಏನೂ ಗೊತ್ತಾಗುತ್ತಿರಲಿಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳ ನಡುವಿನ ಒಳದಾರಿಗಳಿಗೆ ಇಳಿದಾಗ ಶುರುವಾಗುತ್ತಿತ್ತು. ನಿಧಾನಕ್ಕೆ ಹಂಪ್ಸ್ ಇಳಿಯುವಾಗ ಎಡಗಡೆಯಿಂದ ಒಂದೇ ಒಂದು 'ಟಕ್'. ಸ್ಟೇರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದರೆ ಇನ್ನೊಂದು. ಆಮೇಲಾಮೇಲೆ ಗಾಡಿ ನೇರ ಹೋಗದೆ ಆ ಕಡೆ ಈ ಕಡೆ ಎಳೆಯುವುದಕ್ಕೂ ಶುರುಮಾಡಿತು.

ಬಾಲ್ ಜಾಯಿಂಟ್ ಅಂದರೆ ನಮ್ಮ ಭುಜದ ಕೀಲಿನ ಹಾಗೇ: ಒಂದು ಬಟ್ಟಲು, ಅದರೊಳಗೆ ಒಂದು ಗುಂಡು, ಮಧ್ಯೆ ಗ್ರೀಸು, ಮೇಲೊಂದು ರಬ್ಬರ್ ಮುಚ್ಚಿಗೆ, ಅದೇ ಬೂಟು. ಚಕ್ರ ಮೇಲೆ ಕೆಳಗೆ ಆಡಬೇಕು, ಜೊತೆಗೆ ಸ್ಟೇರಿಂಗಿಗೆ ತಕ್ಕಂತೆ ತಿರುಗಲೂ ಬೇಕು. ಚಕ್ರದ ಕೆಳಗಡೆ ಎರಡಕ್ಕೂ ಇದೇ ಆಧಾರ. ಸಾಮಾನ್ಯವಾಗಿ ಮೊದಲು ಹೋಗುವುದು ಬೂಟು. ಅದು ಹರಿದರೆ ಮಳೆಗಾಲದಲ್ಲಿ ಕೆಸರು ನೀರು, ಬೇಸಿಗೆಯಲ್ಲಿ ಧೂಳು ಒಳಗೆ ಸೇರುತ್ತದೆ. ಅಲ್ಲಿಂದ ಮುಂದೆ ಸವೆತ ಬೇಗ. ಹರಿದ ಬೂಟಿಗೆ ಮೇಲಿಂದ ಗ್ರೀಸ್ ಮೆತ್ತಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ, ಸುಮ್ನೆ ಕೈ ಕೊಳೆ ಅಷ್ಟೇ. ಒಳಗೆ ಸೇರಿದ ಮಣ್ಣು ಆಚೆ ಬರುವುದಿಲ್ಲ.

ಪೂರ್ತಿ ಸವೆದು ಗುಂಡು ಬಟ್ಟಲಿಂದ ಕಿತ್ತು ಬಂದರೆ ಚಕ್ರದ ಕೆಳಭಾಗಕ್ಕೆ ಹಿಡಿತವೇ ಇರುವುದಿಲ್ಲ. ಚಕ್ರ ಆಚೆಗೆ ಮಲಗುತ್ತದೆ, ಗಾಡಿ ಕುಸಿಯುತ್ತದೆ. ಅದು ಮನೆ ಮುಂದೆ ಆದರೆ ಅದೃಷ್ಟ. ಮುಳಬಾಗಿಲು ರೋಡಲ್ಲಿ ಹಿಂದೆ ಲಾರಿ ಇಟ್ಟುಕೊಂಡು ಆದರೆ? ಹಾಗಾಗಿ 'ಟಕ್' ಅಂದಮೇಲೆ ಮುಂದಿನ ತಿಂಗಳು ನೋಡೋಣ ಅನ್ನುವ ಕೆಲಸ ಇದಲ್ಲ.

ಈಗ ಪತ್ತೆ ಹಚ್ಚುವ ವಿಷಯ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಸಿಕ್ಕಿದರೆ ತಕ್ಷಣ ತೀರ್ಮಾನ ಮಾಡಬೇಡಿ, ಬೇರಿಂಗ್ ಹೋಗಿದ್ದರೂ ಹೀಗೇ ಆಡುತ್ತದೆ. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಬೇರಿಂಗ್ ಕಡೆ ನೋಡಬೇಕು. ಬ್ರೇಕ್ ಒತ್ತಿದಾಗಲೂ ಆಡುತ್ತಿದ್ದರೆ ಬಾಲ್ ಜಾಯಿಂಟ್ ಮೇಲೆ ಅನುಮಾನ ಪಡಬಹುದು. ಕೈಗಳನ್ನು ಎಡ ಬಲ ಇಟ್ಟಾಗ ಮಾತ್ರ ಆಡಿದರೆ ಅದು ಹೆಚ್ಚಾಗಿ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸಲಾಕೆಯ ತುದಿ. ಕೊನೆಗೆ ಲೋವರ್ ಆರ್ಮ್‌ಗೂ (ಗಾಡಿಯಿಂದ ಚಕ್ರದ ಕೆಳಭಾಗಕ್ಕೆ ಬರುವ ತೋಳು) ನಕಲ್‌ಗೂ (ಚಕ್ರವನ್ನು ಹೊತ್ತು ಸ್ಟೇರಿಂಗ್ ಜೊತೆ ತಿರುಗುವ ಭಾಗ) ನಡುವೆ ಒಂದು ಉದ್ದನೆಯ ಟೈರ್ ಲಿವರ್ ಕೊಟ್ಟು ಮೆಲ್ಲಗೆ ಮೀಟಿ. ಜಾಯಿಂಟ್ ಇರುವ ಜಾಗದಲ್ಲೇ ಮೇಲೆ ಕೆಳಗೆ ಆಡುವುದು ಕಣ್ಣಿಗೆ ಕಂಡರೆ ಮುಗೀತು. ನನ್ನ ತಮ್ಮ ಬ್ರೇಕ್ ಒತ್ತಿಕೊಂಡು ಕೂತಿದ್ದ, ಆಟ ಹಾಗೇ ಇತ್ತು, ಲಿವರ್ ಹಾಕಿದಾಗ ಅದೇ 'ಟಕ್' ಕೇಳಿಸಿತು.

ಒಂದು ಮಾತು. ಚಕ್ರವನ್ನು ಹೀಗೆ ನೇತಾಡಲು ಬಿಟ್ಟು ನೋಡುವುದು 800ರಂಥ ಗಾಡಿಗೆ ಸರಿ, ಯಾಕೆಂದರೆ ಇದರಲ್ಲಿ ಸ್ಪ್ರಿಂಗು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ನೆಟ್ಟಗಿನ ಕಂಬ) ಮೇಲೆ ಕೂತಿದೆ, ಭಾರವೆಲ್ಲ ಅದೇ ಹೊರುತ್ತದೆ. ಕೆಳಗಿನ ಜಾಯಿಂಟ್ ಚಕ್ರವನ್ನು ಜಾಗದಲ್ಲಿ ಹಿಡಿದಿಡುತ್ತದೆ ಅಷ್ಟೇ. ಸುಮೋ ತರಹದ ಗಾಡಿಗಳಲ್ಲಿ ಮೇಲೊಂದು ಕೆಳಗೊಂದು ಜಾಯಿಂಟ್ ಇರುತ್ತದೆ, ಅವುಗಳಲ್ಲಿ ಒಂದರ ಮೇಲೆ ಗಾಡಿಯ ಭಾರವೇ ಬೀಳುತ್ತದೆ. ಅಲ್ಲಿ ಜಾಕಿ ಎಲ್ಲಿ ಕೊಡಬೇಕು ಅನ್ನುವುದೇ ಬೇರೆ ಲೆಕ್ಕ. ಸ್ಪ್ರಿಂಗ್ ಬಿಗಿಯಾಗಿ ಒತ್ತಿಕೊಂಡಿರುವಾಗ ಜಾಯಿಂಟ್ ಬಿಚ್ಚುವುದು ಅಪಾಯ ಕೂಡ. ಇಲ್ಲಿ ಬರೆದದ್ದನ್ನು ಓದಿ ಸುಮೋ ಬಿಚ್ಚಲು ಹೋಗಬೇಡಿ.

ಸ್ಪೇರ್ಸ್ ಅಂಗಡಿಯಲ್ಲಿ ಬಾಲ್ ಜಾಯಿಂಟ್ ಕೇಳಿದೆ. "ಇದಕ್ಕೆ ಜಾಯಿಂಟ್ ಬೇರೆ ಬರಲ್ಲ ಸಾರ್, ಆರ್ಮ್ ಸಮೇತಾನೇ," ಅಂದರು. ಹೌದು, 800ರಲ್ಲಿ ಬಾಲ್ ಜಾಯಿಂಟು ಆರ್ಮ್‌ಗೇ ಸೇರಿಕೊಂಡಿರುತ್ತದೆ. ಅದು ಹೋದರೆ ಪೂರ್ತಿ ಲೋವರ್ ಆರ್ಮ್ ಬದಲಿಸಬೇಕು. ಇನ್ನೊಬ್ಬರು ಹಳೇ ಆರ್ಮನ್ನೇ ಲೇತ್‌ಗೆ ಕೊಟ್ಟು, ಬಟ್ಟಲು ಬಿಚ್ಚಿಸಿ, ಒಳಗೆ ನೈಲಾನ್ ತುಂಬಿಸಿ ವೆಲ್ಡಿಂಗ್ ಮಾಡಿಸಿಕೊಡುತ್ತೇನೆ ಅಂದರು. ಅಗ್ಗವೇ. ಆದರೆ ಬಿಸಿಗೆ ಒಳಗಿನ ನೈಲಾನ್ ಏನಾಯಿತು, ವೆಲ್ಡಿಂಗ್ ಎಷ್ಟು ಹಿಡಿದಿದೆ ಅನ್ನುವುದು ಗಾಡಿ ಓಡುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ನಾನಂತೂ ಒಪ್ಪಲಿಲ್ಲ. ಹೊಸ ಆರ್ಮ್ ತಂದರೆ ಒಳತುದಿಯ ರಬ್ಬರ್ ಬುಷ್ ಕೂಡ ಹೊಸದಾಗಿ ಸಿಗುತ್ತದೆ, ಅಲ್ವಾ. ಪ್ಯಾಕೆಟ್ ತೆಗೆದು ಗುಂಡನ್ನು ಕೈಯಲ್ಲಿ ಆಡಿಸಿ ನೋಡಿ: ಬಿಗಿಯಾಗಿ, ಒಂದೇ ಸಮ ತಿರುಗಬೇಕು. ಲೊಡಲೊಡ ಅಂದರೆ ಅಲ್ಲೇ ವಾಪಸ್ ಕೊಡಿ.

ಕೆಲಸಕ್ಕೆ ಮೊದಲು ಜಾಗ. 800 ಬರೀ 650 ಕೆಜಿ ಆಸುಪಾಸಿನ ಗಾಡಿ ಅಂತ ತಾತ್ಸಾರ ಬೇಡ, ಮೇಲೆ ಬಿದ್ದರೆ ಅಷ್ಟು ಸಾಕು. ಮಣ್ಣಿನ ಅಂಗಳವಾದರೆ ಜಾಕಿ ಕೆಳಗೆ ಒಂದು ಚಪ್ಪಡಿ ಕಲ್ಲು ಹಾಕಿ, ನಮ್ಮ ಕಡೆ ಕಲ್ಲಿಗೇನು ಕೊರತೆ. ಗಾಡಿ ನಿಲ್ಲಿಸಲು ಸ್ಟ್ಯಾಂಡೇ ಆಗಬೇಕು. ಹಾಲೋ ಬ್ಲಾಕ್ ಮಾತ್ರ ಬೇಡವೇ ಬೇಡ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನೂ ಗಾಡಿಯ ಕೆಳಗೆ ಮಲಗಿಸಿಟ್ಟರೆ ಇನ್ನೊಂದು ಧೈರ್ಯ.

ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಡೀಸೆಲ್ ಆದರೂ ನಡೆಯುತ್ತದೆ. ಬಿಚ್ಚುವುದು ಮೂರು ಕಡೆ. ಮೊದಲನೆಯದು ಸ್ಟೆಬಿಲೈಜರ್ ಬಾರ್‌ನ, ಅಂದರೆ ಎಡ ಬಲ ಆರ್ಮ್‌ಗಳನ್ನು ಸೇರಿಸುವ ಸಲಾಕೆಯ ತುದಿ. ಅದು ಆರ್ಮಿನ ಮೂಲಕ ಹಾದು ಬಂದಿರುತ್ತದೆ, ತುದಿಯಲ್ಲಿ ಸ್ಪ್ಲಿಟ್ ಪಿನ್ ಹಾಕಿದ ನಟ್ಟು. ಅಲ್ಲಿನ ವಾಷರ್, ಬುಷ್‌ಗಳು ಯಾವ ಮುಖ ಯಾವ ಕಡೆ ಇದ್ದವು ಅಂತ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಈ ಬಾರೇ ಚಕ್ರವನ್ನು ಹಿಂದೆ ಮುಂದೆ ಜಗ್ಗದಂತೆ ಹಿಡಿಯುವುದು, ಆದ್ದರಿಂದ ಬುಷ್ ಚಪ್ಪಟೆಯಾಗಿದ್ದರೆ ಇದೇ ಸಮಯದಲ್ಲಿ ಹೊಸದು ಹಾಕಿ.

ಎರಡನೆಯದು ನಕಲ್ ಹತ್ತಿರದ ಕ್ಲ್ಯಾಂಪ್ ಬೋಲ್ಟು. ಜಾಸ್ತಿ ಜನ ಒದ್ದಾಡುವುದು ಇಲ್ಲೇ. ಬೋಲ್ಟನ್ನು ಸಡಿಲ ಮಾಡಿ, ಆರ್ಮ್ ಮೇಲೆ ಸುತ್ತಿಗೆಯಲ್ಲಿ ಹೊಡೆಯುತ್ತಲೇ ಇರುತ್ತಾರೆ, ಅದು ಬರುವುದಿಲ್ಲ. ಜಾಯಿಂಟಿನ ಗುಂಡಿನಿಂದ ಮೇಲೆ ಬಂದ ಕಡ್ಡಿಯಲ್ಲಿ ಒಂದು ಕಚ್ಚು ತೋಡಿದೆ, ಬೋಲ್ಟು ಆ ಕಚ್ಚಿನಲ್ಲಿ ಅಡ್ಡ ಕೂತಿರುತ್ತದೆ. ಬೋಲ್ಟು ಪೂರ್ತಿ ಆಚೆ ಬಂದರೆ ಮಾತ್ರ ಕಡ್ಡಿ ಕೆಳಗೆ ಇಳಿಯುತ್ತದೆ. ಆಮೇಲೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ನಕಲ್‌ನ ಸೀಳಿನಲ್ಲಿ ಉಳಿಯ ತುದಿ ಇಟ್ಟು ಒಂದು ಚೂರು ಅಗಲ ಮಾಡಿ, ಒಂದು ಚೂರು ಅಷ್ಟೇ, ಅದು ಬಿರುಕು ಬಿಟ್ಟರೆ ಖರ್ಚು ಬೇರೆ ಮಟ್ಟಕ್ಕೆ ಹೋಗುತ್ತದೆ. ಕಡ್ಡಿ ಬಿಟ್ಟ ಕೂಡಲೇ ನಕಲ್ ಆಚೆಗೆ ತೂಗದಂತೆ ಒಂದು ಹಗ್ಗ ಕಟ್ಟಿ. ಇಲ್ಲದಿದ್ದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಎಳೆದುಕೊಂಡು ಅದರ ಒಳತುದಿಯ ಜಾಯಿಂಟ್ ಕಳಚಬಹುದು.

ಮೂರನೆಯದು ಆರ್ಮಿನ ಒಳತುದಿಯ ಬೋಲ್ಟು, ಅದರಲ್ಲಿ ವಿಶೇಷ ಏನಿಲ್ಲ, ಉದ್ದ ಹಿಡಿಯ ಸ್ಪ್ಯಾನರ್ ಇದ್ದರೆ ಬರುತ್ತದೆ.

ಹೊಸ ಆರ್ಮ್ ಕೂರಿಸುವಾಗ ಕಡ್ಡಿಯ ಕಚ್ಚು ಬೋಲ್ಟಿನ ತೂತಿಗೆ ನೇರ ಬಂದಿರಬೇಕು. ಬೋಲ್ಟು ಕೈಯಲ್ಲೇ ಸಲೀಸಾಗಿ ದಾಟಬೇಕು, ಸುತ್ತಿಗೆ ಮುಟ್ಟಬೇಕಾಗಿ ಬಂದರೆ ಕಡ್ಡಿ ಇನ್ನೂ ಪೂರ್ತಿ ಒಳಗೆ ಹೋಗಿಲ್ಲ ಅಂತ ಅರ್ಥ. ಸ್ಪ್ಲಿಟ್ ಪಿನ್ ಹಳೆಯದನ್ನು ಮತ್ತೆ ಬಳಸಬೇಡಿ, ಒಂದೆರಡು ರೂಪಾಯಿಯ ಮಾಲು. ಒಳಬದಿಯ ಬೋಲ್ಟನ್ನು ಮಾತ್ರ ಈಗಲೇ ಪೂರ್ತಿ ಬಿಗಿ ಮಾಡಬಾರದು. ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಬಾನೆಟ್ ಮೇಲೆ ಒತ್ತಿ ನಾಲ್ಕು ಸಲ ಕುಣಿಸಿ, ಆಮೇಲೆ ಕೊನೆಯ ಬಿಗಿ ಕೊಡಿ. ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ ಇಳಿಸಿದ ಕ್ಷಣದಿಂದಲೇ ಬುಷ್‌ನ ರಬ್ಬರು ತಿರುಚಿಕೊಂಡೇ ಇರುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ಗ್ಯಾರೇಜುಗಳಲ್ಲಿ ಅವಸರಕ್ಕೆ ಈ ಒಂದು ಹೆಜ್ಜೆ ಬಿಡುವುದು ನಾನು ನೋಡಿದ್ದೇನೆ. ಮನೆಯಲ್ಲಿ ಮಾಡುವವರಿಗೆ ಅವಸರ ಇಲ್ಲ.

ಬಲಗಡೆಯದು ಇನ್ನೂ ಬಿಗಿಯಾಗಿತ್ತು, ಬೂಟೂ ಚೆನ್ನಾಗಿತ್ತು. ಜೋಡಿಯಾಗಿಯೇ ಹಾಕಬೇಕು ಅಂತ ಹಲವರು ಹೇಳುತ್ತಾರೆ. ಶಾಕ್ ಅಬ್ಸಾರ್ಬರಿಗೆ ಆ ಮಾತು ಒಪ್ಪುತ್ತೇನೆ, ಬಾಲ್ ಜಾಯಿಂಟಿಗೆ ಅಷ್ಟೊಂದು ಅಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ, ಟೈರ್ ಬಿಚ್ಚಿದಾಗಲೆಲ್ಲ ಲಿವರ್ ಹಾಕಿ ನೋಡುತ್ತೇನೆ.

ಇಷ್ಟಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರು ಒಂದೇ ಕಡೆ ಸವೆಯುತ್ತದೆ. ಅಲ್ಲಿ ಕ್ಯಾಂಬರ್, ಕ್ಯಾಸ್ಟರ್ (ಚಕ್ರದ ಮತ್ತು ಅದು ತಿರುಗುವ ಅಕ್ಷದ ಓರೆ) ಎಲ್ಲಾ ಸೆಟ್ಟಿಂಗ್ ಮಾಡಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದರೆ ಕೇಳಿ: 800ರಲ್ಲಿ ಮುಂದಿನ ಚಕ್ರಕ್ಕೆ ಹೊಂದಿಸಲು ಬರುವುದು ಟೋ ಒಂದೇ, ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಎಷ್ಟು ಒಳಗೋ ಹೊರಗೋ ತಿರುಗಿದೆ ಅನ್ನುವುದು. ಮಿಕ್ಕ ಎರಡಕ್ಕೆ ಅಲ್ಲಿ ತಿರುಗಿಸುವ ಬೋಲ್ಟೇ ಇಲ್ಲ, ಅದಕ್ಕೆ ದುಡ್ಡೂ ಕೊಡಬೇಕಾಗಿಲ್ಲ.